ನಲವತ್ತೈದನೆಯ ನೀಡಲ್

ಹಳೆಯ ಕಾರುಗಳ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವ ಕೆಲಸದವರ ನಡುವೆ ಈ ಕಥೆ ಹಲವು ಬಾಯಿಗಳಲ್ಲಿ ಉಳಿದಿದೆ. ಹೇಳುವವರು ಯಾರೇ ಆಗಲಿ, ಶೆಡ್ಡಿನಿಂದಲೇ ಆರಂಭಿಸುತ್ತಾರೆ; ಮನುಷ್ಯರು ಆಮೇಲೆ ಬರುತ್ತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈರ್ ಅಂಗಡಿಗೂ ಮುಚ್ಚಿಹೋದ ಹಿಟ್ಟಿನ ಗಿರಣಿಗೂ ನಡುವೆ, ತಗಡಿನ ಮಾಡಿನ ಒಂದು ಶೆಡ್ಡು. ಎರಡು ಕಾರು ಪಕ್ಕಪಕ್ಕ ನಿಲ್ಲುವಷ್ಟು ಅಗಲ. ನೆಲದ ನಟ್ಟನಡುವೆ, ಬಾಗಿಲಿನಿಂದ ಹಿಂಗೋಡೆಯವರೆಗೆ, ಬಿಳಿ ಬಣ್ಣದ ಒಂದು ಗೆರೆ. ಗೆರೆಯ ಎಡಕ್ಕೆ ಅತ್ತಿಗೆ, ಬಲಕ್ಕೆ ಮೈದುನ.

ಅತ್ತಿಗೆ ಎಂದರೆ ತೀರಿಹೋದ ಮೇಸ್ತ್ರಿಯ ಹೆಂಡತಿ. ಮೇಸ್ತ್ರಿಯನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಓಡುತ್ತಿರುವ ಗೇರ್‌ಬಾಕ್ಸಿಗೆ ಮರದ ಕೋಲಿನ ಒಂದು ತುದಿ ಆನಿಸಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಸವೆದಿರುವುದು ಯಾವುದೆಂದು ಅವನು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದ. ಮೈದುನ ಅವನ ಒಡಹುಟ್ಟಿದ ತಮ್ಮ. ಬಿಗಿದು ಕೂತ ಬೇರಿಂಗನ್ನು ಎಳೆದು ತೆಗೆಯುವ ತಾಳ್ಮೆಯಿಲ್ಲದೆ ಹೊಡೆದೇ ಬಿಡಿಸುತ್ತಿದ್ದ ಕಾರಣ ಅವನಿಗೆ ಸುತ್ತಿಗೆ ಎಂಬ ಹೆಸರು ಬಿದ್ದಿತ್ತು. ಅವನು ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಗಿರಾಕಿಗಳೂ ಅವಳನ್ನು ಹಾಗೆಯೇ ಕರೆದರು. ಹೀಗಾಗಿ ಓಣಿಯ ಬಾಯಲ್ಲಿ ಅದು ಅತ್ತಿಗೆ ಸುತ್ತಿಗೆ ಶೆಡ್ಡು. ಈ ತಮಾಷೆಗೆ ನಗದಿದ್ದವರು ಇಬ್ಬರೇ.

ಮೇಸ್ತ್ರಿ ಸತ್ತು ತಿಂಗಳು ಕಳೆದಾಗ, ಅಣ್ಣನ ಸಲಕರಣೆಗಳನ್ನು ತನಗೆ ಬಿಟ್ಟುಕೊಟ್ಟು ಅತ್ತಿಗೆ ಮನೆ ನೋಡಿಕೊಂಡಿರಲಿ ಎಂದು ಸುತ್ತಿಗೆ ಹೇಳಿಕಳಿಸಿದ್ದ. ಅವಳು ಉತ್ತರ ಕಳಿಸಲಿಲ್ಲ. ಮರುದಿನ ಬೆಳಗ್ಗೆ ಅವನಿಗಿಂತ ಮೊದಲು ಬಂದು ಶೆಡ್ಡಿನ ಬಾಗಿಲು ತೆಗೆದು ಗಂಡನ ಸ್ಟೂಲಿನ ಮೇಲೆ ಕೂತಿದ್ದಳು. ಹದಿನೆಂಟು ವರ್ಷ ಗಂಡನ ಮಗ್ಗುಲಲ್ಲಿ ಕೂತು ಅವಳು ಕೆಲಸ ಮಾಡಿದವಳು. ಅವನ ದಪ್ಪ ಬೆರಳು ಹೋಗದ ಕಡೆಗೆಲ್ಲ ಅವಳ ಬೆರಳು ಹೋಗಿತ್ತು. ಆದರೆ ಕಲಿಸಿದ, ಕಲಿತಳು ಎಂಬ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಮೇಸ್ತ್ರಿಗೆ ಅವಳು ಸಹಾಯ ಮಾಡುತ್ತಿದ್ದಳು, ಅಷ್ಟೆ. ಬೇರೆ ಯಾವ ಶೆಡ್ಡಿನವರೂ ಅವಳಿಗೊಂದು ಬೆಂಚು ಕೊಡುವವರಲ್ಲ. ಅಂದು ಮಧ್ಯಾಹ್ನವೇ ಸುತ್ತಿಗೆ ಬಣ್ಣದ ಡಬ್ಬ ತಂದು ಗೆರೆ ಎಳೆದ.

ಆಮೇಲೆ ನಾಲ್ಕು ವರ್ಷ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಮಾತು ಗೋಡೆಗೆ, ಸ್ಪ್ಯಾನರಿಗೆ, ಬಾಗಿಲಲ್ಲಿ ಮಲಗಿದ ನಾಯಿಗೆ ಹೋಗುತ್ತಿತ್ತು. ಸುತ್ತಿಗೆ ನಾಯಿಯನ್ನು ಉದ್ದೇಶಿಸಿ, ಕೆಲವರು ಸೌಟು ಹಿಡಿಯೋ ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಮೆರೀತಾರೆ ಎನ್ನುವನು. ಅತ್ತಿಗೆ ಅದೇ ನಾಯಿಗೆ, ನೀನಾದ್ರೂ ಕಚ್ಚೋ ಮೊದಲು ಬೊಗಳ್ತೀಯ ಎನ್ನುವಳು. ಅವನು ಹಳೆಯ ಗೇರ್ ಆಯಿಲನ್ನು ಇಳಿಜಾರು ನೋಡಿ ಇಳಿಸಿ ಅದು ಗೆರೆ ದಾಟಿ ಹರಿಯುವಂತೆ ಮಾಡಿದರೆ, ಅವಳು ಮರದ ಹೊಟ್ಟು ಚೆಲ್ಲಿ, ಗುಡಿಸಿ, ಆ ಗುಡ್ಡೆಯನ್ನು ಅವನ ಬೆಂಚಿನ ಕಾಲಿಗೆ ಒತ್ತರಿಸುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಗೆರೆ ಇರಲಿಲ್ಲ. ಕಾರಿನ ಕೆಳಗೆ ಗೇರ್‌ಬಾಕ್ಸನ್ನು ಒಬ್ಬರೇ ಇಳಿಸಲಾಗದು, ಏರಿಸಲಾಗದು. ಒಬ್ಬರು ಅಂಗಾತ ಮಲಗಿ ಅದನ್ನು ಎದೆಯ ಮೇಲೆ ಹೊತ್ತು ಎರಡೂ ಕೈಯಲ್ಲಿ ಮೇಲಕ್ಕೆ ಒತ್ತಬೇಕು. ಇನ್ನೊಬ್ಬರು ಪಕ್ಕದಲ್ಲಿ ಮಲಗಿ ಅದರ ಮೂತಿಯ ಶಾಫ್ಟನ್ನು ಕ್ಲಚ್ಚಿನ ತೂತಿಗೆ ಸರಿಹೊಂದಿಸಿ ಬೋಲ್ಟ್ ತಿರುಗಿಸಬೇಕು. ಎತ್ತಲು ಕರೆದರೆ ಇಲ್ಲ ಎನ್ನಬಾರದು ಎಂಬುದು ಕಿವಿ ಮೇಸ್ತ್ರಿಯ ಕಾಲದ ಕಟ್ಟಳೆ. ಆದ್ದರಿಂದ ವಾರಕ್ಕೆ ಎರಡು ಮೂರು ಸಲ ಆ ಇಬ್ಬರೂ ಯಾವುದೋ ಕಾರಿನ ಕೆಳಗೆ, ಮುಖಕ್ಕೆ ಮುಖ ಒಂದು ಗೇಣಿನ ಅಂತರದಲ್ಲಿ, ಉಸಿರು ಉಸಿರಿಗೆ ತಗಲುವಂತೆ ಮಲಗಿ, ಒಂದಕ್ಷರ ಆಡದೆ ಕೆಲಸ ಮುಗಿಸಿ, ಒಬ್ಬರು ಎಡಕ್ಕೂ ಒಬ್ಬರು ಬಲಕ್ಕೂ ಉರುಳಿ ಎದ್ದು ಹೋಗುತ್ತಿದ್ದರು.

ಶೆಡ್ಡಿನ ಒಡತಿ ನಿವೃತ್ತ ಹೆರಿಗೆ ನರ್ಸಮ್ಮ. ಮೇಸ್ತ್ರಿಯ ತಾಯಿಯ ಎರಡೂ ಹೆರಿಗೆ ಮಾಡಿಸಿದವಳು. ಸುತ್ತಿಗೆಯ ಬೆನ್ನಿಗೆ ಮೊದಲ ಏಟು ಹಾಕಿ ಅಳಿಸಿದವಳು ತಾನೇ ಎಂದು ಎಲ್ಲರೆದುರು ಹೇಳುತ್ತಿದ್ದಳು. ಅವಳ ಕಾರು ಮೂವತ್ತೈದು ವರ್ಷದ್ದು. ಅದರ ಮೂರನೆಯ ಗೇರು ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಎಗರುತ್ತಿತ್ತು: ಕಟ್ ಎಂದು ಸದ್ದಾಗಿ ಲಿವರ್ ತಾನಾಗಿ ನಡುವಿಗೆ ಬಂದು ನಿಲ್ಲುತ್ತಿತ್ತು, ಕಾರು ಹಿಡಿತವಿಲ್ಲದೆ ಜಾರುತ್ತಿತ್ತು. ನರ್ಸಮ್ಮನ ಮನೆ ನೀರಿನ ಟ್ಯಾಂಕಿನ ದಿಬ್ಬದ ಮೇಲೆ. ಸುತ್ತಿಗೆ ಅದನ್ನು ಎರಡು ಸಲ ಬಿಚ್ಚಿ, ಗೇರನ್ನು ಹಿಡಿದಿಡುವ ಸ್ಪ್ರಿಂಗಿನ ಜಾಗಕ್ಕೆ ಎರಡು ಸಲವೂ ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿದ್ದ. ಈಗ ಗೇರ್ ಹಾಕಲು ಎರಡು ಕೈ ಬೇಕಾಗಿತ್ತು. ಎಗರುವುದು ನಿಂತಿರಲಿಲ್ಲ.

ಶೆಡ್ಡಿನ ಕರಾರು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಒಂದು ಸೋಮವಾರ ಬೆಳಗ್ಗೆ ನರ್ಸಮ್ಮ ಕಾರನ್ನು ಎರಡು ಚಕ್ರ ಗೆರೆಯ ಈಚೆ, ಎರಡು ಚಕ್ರ ಆಚೆ ಬರುವಂತೆ ನಿಲ್ಲಿಸಿ ಇಳಿದಳು. ಟೈರ್ ಅಂಗಡಿಯವನು ಗೋಡೆ ಒಡೆದು ಎರಡನ್ನೂ ಒಂದು ಮಾಡಿಕೊಳ್ಳಲು ಕೇಳುತ್ತಿದ್ದಾನೆ ಎಂದಳು. ಈ ಸಲ ಕರಾರು ಒಬ್ಬರ ಹೆಸರಿಗೆ ಮಾತ್ರ, ಇಬ್ಬರ ಜಗಳಕ್ಕೆ ಸಾಕ್ಷಿಯಾಗಿ ಸಹಿ ಹಾಕಿ ಸಾಕಾಗಿದೆ ಎಂದಳು. ಈ ಗೇರ್‌ಬಾಕ್ಸನ್ನು ಅತ್ತಿಗೆ ಮಾಡಲಿ. ಶನಿವಾರ ಹತ್ತು ಗಂಟೆಗೆ ತಾನು ಬಂದು ದಿಬ್ಬ ಹತ್ತಿ ಇಳಿಯುವೆ. ಮೂರನೆಯ ಗೇರು ನಿಂತರೆ ಶೆಡ್ಡು ಅವಳದು, ಎಗರಿದರೆ ಮೈದುನನದು ಎಂದಳು.

ತಾನು ಎರಡು ಸಲ ಮಾಡಿದ ಕೆಲಸ ಅದು ಎಂದು ಸುತ್ತಿಗೆ ನೆನಪಿಸಿದ.

"ಅದಕ್ಕೇ ನಿನಗೆ ಕೊಡ್ತಾ ಇಲ್ಲ ಕಣೋ" ಎಂದಳು ನರ್ಸಮ್ಮ. "ಮತ್ತೆ ಒಂದು ಮಾತು, ಇಬ್ಬರಿಗೂ. ಶನಿವಾರದ ತನಕ ಅವಳು ಹಾಗಂದ್ಲು, ಇವನು ಹೀಗ್ಮಾಡ್ದ ಅಂತ ಯಾರಾದ್ರೂ ನನ್ನ ಮನೆ ಮೆಟ್ಟಿಲು ಹತ್ತಿದ್ರೆ, ಅವತ್ತೇ ಟೈರಿನವನಿಗೆ ಬೀಗದಕೈ ಕೊಡ್ತೀನಿ. ದೂರು ಕೇಳೋ ವಯಸ್ಸು ನಂದಲ್ಲ."

ಅಂದೇ ಇಬ್ಬರೂ ಮಲಗಿ ಗೇರ್‌ಬಾಕ್ಸ್ ಇಳಿಸಿದರು. ಅತ್ತಿಗೆ ತನ್ನ ಕಡೆಗೆ ಒಗೆದ ಒಂದು ಬಿಳಿ ಹೊದಿಕೆ ಹಾಸಿದಳು. ಅದು ಗಂಡನ ಪದ್ಧತಿ. ಬಿಚ್ಚಿದ ಪ್ರತಿಯೊಂದು ಭಾಗವೂ ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಬಟ್ಟೆಯ ಮೇಲೆ ಸಾಲಾಗಿ ಬರಬೇಕು. ಕೂಡಿಸುವಾಗ ಬಲದಿಂದ ಎಡಕ್ಕೆ ಅವು ಒಂದೊಂದಾಗಿ ಹೋಗಬೇಕು. ಬಟ್ಟೆ ಬರಿದಾದಾಗ ಕೆಲಸ ಮುಗಿಯಿತು. ಹೊಸದು ಹಾಕಿದ ಕಡೆ ಹಳೆಯದು ಒಂದು ತಗಡಿನ ಡಬ್ಬಕ್ಕೆ ಹೋಗುತ್ತಿತ್ತು. ಗಿರಾಕಿ ಕಣ್ಣಾರೆ ನೋಡುವವರೆಗೆ ಅದನ್ನು ಎಸೆಯುವಂತಿರಲಿಲ್ಲ.

ಮಂಗಳವಾರ ಸಂಜೆಯೊಳಗೆ ಅವಳಿಗೆ ರೋಗ ಸಿಕ್ಕಿತು. ಸ್ಪ್ರಿಂಗಿನದು ಏನೂ ತಪ್ಪಿರಲಿಲ್ಲ. ಗೇರ್‌ಬಾಕ್ಸಿನ ತಳದ ಶಾಫ್ಟಿನ ಮೇಲೆ ನಾಲ್ಕು ಗೇರುಗಳ ಒಂದು ಗೊಂಚಲು ತಿರುಗುತ್ತದೆ. ಆ ಗೊಂಚಲಿನ ಎರಡೂ ತುದಿಯ ತೂತಿನೊಳಗೆ, ಶಾಫ್ಟಿನ ಸುತ್ತ, ಬೆಂಕಿಕಡ್ಡಿಗಿಂತ ತುಸು ದಪ್ಪದ ಉಕ್ಕಿನ ಕಡ್ಡಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಕೆಲಸದವರು ಅವನ್ನು ನೀಡಲ್ ಎನ್ನುತ್ತಾರೆ. ಒಂದು ತುದಿಗೆ ಇಪ್ಪತ್ತೆರಡು, ಒಟ್ಟು ನಲವತ್ತನಾಲ್ಕು. ಅವು ಸವೆದಿದ್ದವು, ಗೊಂಚಲಿನ ತುದಿಯ ವಾಷರ್ ಕಾಗದದಷ್ಟು ತೆಳುವಾಗಿತ್ತು. ಹೀಗಾಗಿ ಭಾರ ಬಿದ್ದಾಗಲೆಲ್ಲ ಗೊಂಚಲು ಓಲಾಡಿ ಮೂರನೆಯ ಗೇರನ್ನು ಹೊರಕ್ಕೆ ನೂಕುತ್ತಿತ್ತು. ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಅದು ನೂಕುವವನ ಎದುರು ಬಾಗಿಲು ಒತ್ತಿ ಹಿಡಿದ ಹಾಗೆ. ಹಳೆಯ ನೀಡಲ್ ಡಬ್ಬಕ್ಕೆ ಹೋದವು. ಅವಳು ನಲವತ್ತನಾಲ್ಕು ಹೊಸ ನೀಡಲ್, ಹೊಸ ಶಾಫ್ಟ್, ಹೊಸ ವಾಷರ್, ಸುತ್ತಿಗೆಯ ಗಟ್ಟಿ ಸ್ಪ್ರಿಂಗಿನ ಬದಲಿಗೆ ಮೊದಲಿನ ಅಳತೆಯ ಸ್ಪ್ರಿಂಗ್ ತಂದಳು.

ಬುಧವಾರ ಕೂಡಿಸಿದಳು. ಗೊಂಚಲಿನ ತೂತಿಗೆ ಗ್ರೀಸ್ ಬಳಿದು, ನಡುವೆ ಶಾಫ್ಟಿನಷ್ಟೇ ದಪ್ಪದ ಮರದ ಗೂಟ ಇಟ್ಟು, ಗೂಟಕ್ಕೂ ತೂತಿಗೂ ನಡುವಿನ ಸಂದಿಯಲ್ಲಿ ನೀಡಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಆಮೇಲೆ ಗೊಂಚಲನ್ನು ಪೆಟ್ಟಿಗೆಯಲ್ಲಿಟ್ಟು ಉಕ್ಕಿನ ಶಾಫ್ಟ್ ತೂರಿಸಿದರೆ ಅದು ಮರದ ಗೂಟವನ್ನು ಮುಂದಕ್ಕೆ ನೂಕಿಕೊಂಡು ಒಳಗೆ ಬರುತ್ತದೆ, ನೀಡಲ್ ಒಂದೂ ಬೀಳುವುದಿಲ್ಲ. ಮುಚ್ಚಳ ಬಿಗಿದು, ಬಟ್ಟೆ ಮಡಿಸುವ ಮೊದಲು ಎಂದಿನಂತೆ ಹಿತ್ತಲ ನಲ್ಲಿಗೆ ಹೋಗಿ ಕೈ ತೊಳೆದು ಬಂದಳು.

ಬಟ್ಟೆಯ ಮೇಲೆ ಒಂದು ನೀಡಲ್ ಇತ್ತು.

ಈ ಕೆಲಸದವರಿಗೆ ಇದಕ್ಕಿಂತ ಕೆಟ್ಟ ನೋಟ ಇಲ್ಲ. ಒಳಗೆ ಒಂದು ಕಡಿಮೆಯಿದ್ದರೆ ಉಳಿದವು ಓರೆಯಾಗುತ್ತವೆ, ಒಂದನ್ನೊಂದು ಮುರಿಯುತ್ತವೆ, ಪುಡಿ ಹಲ್ಲುಗಳ ನಡುವೆ ಸಿಕ್ಕಿ ಇಡೀ ಪೆಟ್ಟಿಗೆ ಓಟದಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಗೆರೆಯ ಆಚೆ ಸುತ್ತಿಗೆ ನಾಯಿಗೆ ಬಿಸ್ಕತ್ತು ಮುರಿದು ಹಾಕುತ್ತಿದ್ದ. ಎಣಿಸೋಕೂ ಬರದವರು ಶೆಡ್ಡು ನಡೆಸ್ತಾರಂತೆ ಎಂದು ನಾಯಿಗೆ ಹೇಳಿದ.

ಅವಳು ಎಲ್ಲವನ್ನೂ ಮತ್ತೆ ಬಿಚ್ಚಿದಳು. ಆ ಕಡೆ ಇಪ್ಪತ್ತೆರಡು, ಈ ಕಡೆ ಇಪ್ಪತ್ತೆರಡು. ಮೂರು ಸಲ ಎಣಿಸಿದಳು. ಹಾಗಾದರೆ ಅಂಗಡಿಯವನು ಕೈತಪ್ಪಿ ಒಂದು ಹೆಚ್ಚು ಕೊಟ್ಟಿರಬೇಕು ಎಂದುಕೊಂಡು ಆ ಒಂದನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿಟ್ಟಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೂಡಿಸಿ, ಮುಚ್ಚಳ ಬಿಗಿದು, ಕೈ ತೊಳೆದು ಬಂದಳು.

ಬಟ್ಟೆಯ ಮೇಲೆ ಮತ್ತೊಂದು ನೀಡಲ್ ಇತ್ತು.

ಈಗ ಅಂಗಡಿಯವನ ಮೇಲೆ ಹಾಕಲು ಬರುವಂತಿರಲಿಲ್ಲ. ಇಲ್ಲಿ ಹೇಳುವವರೆಲ್ಲ ಕಥೆಯ ವೇಗ ತಗ್ಗಿಸುತ್ತಾರೆ. ಅವಳ ಮನಸ್ಸಿಗೆ ಮೊದಲು ಬಂದದ್ದು ಮೈದುನನ ಮೇಲಿನ ಅನುಮಾನ ಅಲ್ಲ, ತನ್ನ ಕೈಯ ಮೇಲಿನ ಅನುಮಾನ. ಹದಿನೆಂಟು ವರ್ಷ ಅವಳು ನೀಡಲ್ ನಿಲ್ಲಿಸಿದ್ದಳು ನಿಜ. ಆದರೆ ಪ್ರತಿ ಸಲವೂ ಮುಚ್ಚಳ ಹಾಕುವ ಮೊದಲು ಗಂಡ ಒಮ್ಮೆ ಬಗ್ಗಿ ನೋಡುತ್ತಿದ್ದ. ಆ ನೋಟವೇ ಕೆಲಸವಾಗಿತ್ತೇನೋ, ತನ್ನದು ಬರೀ ಬೆರಳಾಗಿತ್ತೇನೋ. ಅವಳು ಬಿಚ್ಚಿದಳು. ನಲವತ್ತನಾಲ್ಕು. ಎಣಿಸುವಾಗ ಹದಿನೇಳಾದ ಮೇಲೆ ಹದಿನೆಂಟೋ ಹತ್ತೊಂಬತ್ತೋ ಎಂದು ಗೊಂದಲವಾಗಿ ಮತ್ತೆ ಒಂದರಿಂದ ಶುರುಮಾಡಿದಳು. ಮತ್ತೆ ನಲವತ್ತನಾಲ್ಕು. ಸುತ್ತಿಗೆ ಆಗ ಶಿಳ್ಳೆ ಹಾಕುತ್ತ ತನ್ನ ರೇಡಿಯೋದ ದನಿ ಏರಿಸಿದ.

ಶುಕ್ರವಾರ ನಾಲ್ಕು ಗಂಟೆಗೆ ಮೂರನೆಯ ಸಲ ಮುಚ್ಚಳ ಬಿತ್ತು. ಮೂರನೆಯ ಸಲ ಅವಳು ನಲ್ಲಿಗೆ ಹೋಗಿ ಬಂದಳು. ಮೂರನೆಯ ನೀಡಲ್ ಬಟ್ಟೆಯ ಮೇಲೆ, ಹೊಳೆಯುತ್ತ, ಮಲಗಿತ್ತು.

ಅವಳು ಈ ಸಲ ಕೂಡಲೇ ಸ್ಪ್ಯಾನರ್ ಎತ್ತಲಿಲ್ಲ. ನೀಡಲನ್ನು ಒರೆಸಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉರುಳಿಸಿದಳು. ಅದು ಉರುಳಿತು, ಆದರೆ ಹೊಸದು ಉರುಳುವ ಹಾಗಲ್ಲ. ಮೈಕ್ರೋಮೀಟರ್ ತೆಗೆದು ಅಳೆದಳು. ಹೊಸದಕ್ಕಿಂತ ಕೂದಲೆಳೆಯ ಅರ್ಧದಷ್ಟು ತೆಳು. ಬೆಂಕಿಪೊಟ್ಟಣದ ಎರಡನ್ನೂ ಅಳೆದಳು. ಅವೂ ತೆಳು. ಹಳೆಯ ಭಾಗಗಳ ಡಬ್ಬ ಸುರುವಿ ಎಣಿಸಿದಳು. ನಲವತ್ತನಾಲ್ಕು ಇರಬೇಕಾದಲ್ಲಿ ನಲವತ್ತೊಂದು ಇದ್ದವು. ಸವೆದು ಕಪ್ಪಾದ ನೀಡಲ್ ತೆಗೆದು, ಹೊಸದರ ಹಾಗೆ ಹೊಳೆಯಲೆಂದು ಸುತ್ತಿಗೆ ಎಮರಿ ಕಾಗದದಲ್ಲಿ ಉಜ್ಜಿದ್ದ. ಉಜ್ಜಿ ಇನ್ನಷ್ಟು ತೆಳುಮಾಡಿದ್ದ. ಕಣ್ಣಿಗೆ ಹೊಸದಾಗಿ ಕಂಡರೆ ಹೊಸದೇ ಎಂದು ನಂಬುವುದು, ಅಳೆಯುವುದು ಎಂಬ ಕೆಲಸವೊಂದಿದೆ ಎಂದು ಮರೆಯುವುದು, ಸುತ್ತಿಗೆಗೆ ಮಾತ್ರ ಸಾಧ್ಯವಿದ್ದ ತಪ್ಪು.

ಅವಳು ಆಗ ಏನು ಮಾಡಬಹುದಿತ್ತು ಎಂದು ಕಥೆ ಕೇಳುವವರು ಸಾಮಾನ್ಯವಾಗಿ ಇಲ್ಲಿ ಪ್ರಶ್ನೆ ಹಾಕುತ್ತಾರೆ. ಕೂಗಾಡಿದರೆ ಅವನು ಇಲ್ಲವೆನ್ನುತ್ತಾನೆ. ನರ್ಸಮ್ಮನ ಮನೆ ಮೆಟ್ಟಿಲು ಹತ್ತಿದರೆ ಶೆಡ್ಡು ಟೈರಿನವನಿಗೆ ಹೋಗುತ್ತದೆ. ಅವಳು ಮೂರನೆಯ ನೀಡಲನ್ನು ಎಲ್ಲಿತ್ತೋ ಅಲ್ಲಿಯೇ, ಬಿಳಿ ಬಟ್ಟೆಯ ನಡುವೆ, ಮರಳಿ ಇಟ್ಟಳು. ತಲೆಯ ಮೇಲೆ ಕೈಹೊತ್ತು ಸ್ವಲ್ಪ ಹೊತ್ತು ಕೂತಳು, ಅವನಿಗೆ ಕಾಣುವ ಹಾಗೆ. ಆಮೇಲೆ ಬಟ್ಟೆಯನ್ನು ಮಡಿಸದೆ ಮನೆಗೆ ಹೋದಳು.

ಶನಿವಾರ ಸುತ್ತಿಗೆ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ನರ್ಸಮ್ಮ ಬಂದ ಕೂಡಲೇ ಅವಳಿಗೊಂದು ಕುರ್ಚಿ ಒರೆಸಿಕೊಟ್ಟು, ತಾನು ದೂರು ಹೇಳುತ್ತಿಲ್ಲವೆಂದೂ ಇದು ಅವಳ ಜೀವದ ಪ್ರಶ್ನೆಯೆಂದೂ ಪೀಠಿಕೆ ಹಾಕಿ, ಬಟ್ಟೆಯ ಮೇಲಿನ ನೀಡಲನ್ನು ತೋರಿಸಿದ. ಒಳಗಿರಬೇಕಾದದ್ದು ಹೊರಗಿದೆ ಎಂದ. ಮೂರು ದಿನದಿಂದ ಬಿಚ್ಚುವುದು ಹಾಕುವುದು, ಬಿಚ್ಚುವುದು ಹಾಕುವುದು, ಆದರೂ ಒಂದು ಹೊರಗೇ ಉಳಿದಿದೆ ಎಂದ. ದಿಬ್ಬದ ತಿರುವಿನಲ್ಲಿ ಗೇರ್‌ಬಾಕ್ಸ್ ಕಚ್ಚಿಕೊಂಡರೆ ಚಕ್ರ ತಿರುಗುವುದಿಲ್ಲ, ಕಾರು ಪಲ್ಟಿ ಹೊಡೆಯುತ್ತದೆ ಎಂದ. ಇಲ್ಲಿಯವರೆಗೆ ಅವನು ಹೇಳಿದ ಪ್ರತಿ ಮಾತೂ, ಒಂದನ್ನು ಬಿಟ್ಟು, ನಿಜವಾಗಿತ್ತು.

ನರ್ಸಮ್ಮ ಅತ್ತಿಗೆಯ ಮುಖ ನೋಡಿದಳು.

"ನೀಡಲ್ ಅಲ್ಲಿರೋದು ನಿಜ" ಎಂದಳು ಅತ್ತಿಗೆ. "ಮೊದಲು ಏರಿಸೋಣ ನರ್ಸಮ್ಮ. ದಿಬ್ಬಕ್ಕೆ ನಾನೇ ಓಡಿಸ್ತೀನಿ, ನೀವು ಕೆಳಗೆ ನಿಂತು ನೋಡಿ. ಪಲ್ಟಿಯಾದ್ರೆ ನಾನು."

ಎತ್ತಲು ಕರೆದರೆ ಇಲ್ಲ ಎನ್ನುವಂತಿರಲಿಲ್ಲ. ಸುತ್ತಿಗೆ ಒಗೆದ ಅಂಗಿ ಕಳಚಿ ಮೊಳೆಗೆ ಹಾಕಿ ಕಾರಿನ ಕೆಳಗೆ ತೂರಿದ. ಅತ್ತಿಗೆ ನರ್ಸಮ್ಮನನ್ನು ಡ್ರೈವರಿನ ಸೀಟಿನಲ್ಲಿ ಕೂರಿಸಿ, ಕೈಗೆ ಟಾರ್ಚ್ ಕೊಟ್ಟಳು. ಆ ಕಾಲದ ಕಾರುಗಳಲ್ಲಿ ಗೇರ್ ಲಿವರ್ ಬಿಚ್ಚಿದರೆ ನೆಲದಲ್ಲಿ ಒಂದು ತಟ್ಟೆಯಗಲದ ಕಿಂಡಿ ಉಳಿಯುತ್ತದೆ. ಒಳಗೆ ಕೂತವರು ಅದರ ಮೂಲಕ ಕೆಳಗೆ ಮಲಗಿದವರ ಮುಖ ನೋಡಬಹುದು. ಬೋಲ್ಟಿನ ತೂತು ಕಾಣುವ ಹಾಗೆ ಬೆಳಕು ಬಿಡಬೇಕು ಎಂದು ಹೇಳಿ ಅವಳೂ ಕೆಳಗೆ ಹೋದಳು.

ಇಬ್ಬರೂ ಸೇರಿ ಗೇರ್‌ಬಾಕ್ಸನ್ನು ಅವನ ಎದೆಗೆ ಎಳೆದರು. ಅವನು ಉಸಿರು ಕಟ್ಟಿ ಒತ್ತಿದ. ಅವಳು ಮೂತಿ ಹಿಡಿದು ಅಲುಗಿಸಿದಳು. ಶಾಫ್ಟು ಕ್ಲಚ್ಚಿನ ತೂತು ಹುಡುಕಿ ಅರ್ಧ ಒಳಗೆ ಹೋಯಿತು. ಇನ್ನು ಎರಡು ಬೆರಳಷ್ಟು ಒತ್ತಿದರೆ ಬೋಲ್ಟ್ ಹಾಕಬಹುದು. ಅವಳು ಅಲ್ಲಿಗೆ ನಿಲ್ಲಿಸಿದಳು.

"ಮೈದುನ" ಎಂದಳು. ನಾಲ್ಕು ವರ್ಷದಲ್ಲಿ ಅವನನ್ನು ನೇರವಾಗಿ ಕರೆದದ್ದು ಅದೇ ಮೊದಲು. "ಒಂದು ಕಮ್ಮಿ ಇದೆ ಅಂದ್ಯಲ್ಲ. ಕಮ್ಮಿ ಇರೋ ಗೇರ್‌ಬಾಕ್ಸನ್ನ ಏರಿಸೋದು ತಪ್ಪು. ಇಳಿಸೋಣ. ನರ್ಸಮ್ಮನ ಮುಂದೆ ಬಿಚ್ಚೋಣ. ನೀನೇ ಎಣಿಸು."

ಅವನು ಬೋಲ್ಟ್ ಹಾಕಲು ಹೇಳಿದ.

"ಯಾಕೆ, ಎಣಿಸೋಕೆ ಬರಲ್ವಾ?"

"ಬಿಚ್ಚೋದೆಲ್ಲ ಯಾಕೀಗ. ಭಾರ ಆಗ್ತಾ ಇದೆ ಅತ್ತಿಗೆ. ಹಾಕಿ ಬೋಲ್ಟು."

"ಒಂದು ಕಮ್ಮಿ ಇದ್ರೆ ಹಾಕಲ್ಲ. ಪೂರ್ತಿ ಇದ್ರೆ ಹಾಕ್ತೀನಿ. ಎರಡರಲ್ಲಿ ಒಂದು ಹೇಳು."

ಕಡಿಮೆಯಿದೆ ಎಂದರೆ ಪೆಟ್ಟಿಗೆ ಬಿಚ್ಚಬೇಕು. ಬಿಚ್ಚಿದರೆ ನಲವತ್ತನಾಲ್ಕೂ ಅಲ್ಲಿರುತ್ತವೆ ಎಂದು ಅವನಿಗೆ ಗೊತ್ತು. ಪೂರ್ತಿಯಿದೆ ಎಂದರೆ ಅದು ಅವನಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅವನ ತೋಳು ಸೋತಿತು, ಪೆಟ್ಟಿಗೆ ನಿಧಾನವಾಗಿ ಕೆಳಗಿಳಿದು ಎದೆಯ ಎಲುಬಿಗೆ ಕೂತಿತು. ಅವಳ ಕೈ ಆ ಹೊತ್ತು ಎಲ್ಲಿತ್ತು ಎಂಬ ಒಂದು ವಿಷಯದಲ್ಲಿ ಮಾತ್ರ ಹೇಳುವವರು ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಅರ್ಧ ಭಾರ ಅವಳೇ ಹೊತ್ತಿದ್ದಳು ಎಂದು ಕೆಲವರು. ಕೈ ತೆಗೆದು ತನ್ನ ಎದೆಯ ಮೇಲೆ ಕಟ್ಟಿಕೊಂಡಿದ್ದಳು ಎಂದು ಉಳಿದವರು. ಈ ಎರಡನೆಯವರೇ ಹೆಚ್ಚು.

"ಅಣ್ಣ ಕಿವಿಗಿಡೋ ಆ ಕೋಲನ್ನ ಒಂದು ದಿನಾನೂ ನನ್ನ ಕೈಗೆ ಕೊಡ್ಲಿಲ್ಲ" ಎಂದ ಸುತ್ತಿಗೆ, ಮಾತಿಗೆ ಸಂಬಂಧವೇ ಇಲ್ಲದಂತೆ. "ಒಡಹುಟ್ಟಿದವನು ನಾನು. ಕಲಿಸಿದ್ದೆಲ್ಲ ನಿಮಗೆ."

"ಕೊಟ್ಟಿದ್ರೆ ಅದನ್ನೂ ಹೊಡೆದು ಮುರೀತಿದ್ದೆ. ಹೇಳು, ಎಷ್ಟಿವೆ?"

ಅವನು ಕಣ್ಣು ಮುಚ್ಚಿದ. ಮುಖ ಕಪ್ಪಿಟ್ಟಿತ್ತು.

"ಪೂರ್ತಿ ಇದೆ. ನಲವತ್ನಾಲ್ಕೂ ಇದೆ. ಹಾಕಿ."

ಮೇಲಿನ ಕಿಂಡಿಯಲ್ಲಿ ಟಾರ್ಚ್ ಅಲುಗಲಿಲ್ಲ. ಬೆಳಕು ನೇರ ಅವನ ಮುಖದ ಮೇಲಿತ್ತು.

"ಹಾಗಾದ್ರೆ ಬಟ್ಟೆ ಮೇಲೆ ಇರೋದು ಯಾವುದೋ?" ಎಂದಳು ನರ್ಸಮ್ಮ.

ಅತ್ತಿಗೆ ಮೊಣಕೈ ಊರಿ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತಿ, ಮೊದಲ ಬೋಲ್ಟ್ ಹಿಡಿಸಿದಳು, ಆಮೇಲೆ ಎರಡನೆಯದು. ಭಾರ ಕಾರಿನ ಮೇಲೆ ಹೋಯಿತು. ಅವನು ಬಲಕ್ಕೆ ಉರುಳಿ ಎದ್ದು, ಗೋಡೆ ಹಿಡಿದುಕೊಂಡು ಕೆಮ್ಮಿದ. ನರ್ಸಮ್ಮ ಹಳೆಯ ಅಭ್ಯಾಸದಂತೆ ಬಂದು ಅವನ ಪಕ್ಕೆಲುಬು ಒತ್ತಿ ನೋಡಿ, ಏನೂ ಮುರಿದಿಲ್ಲ, ಮುರಿದಿದ್ರೆ ಚೆನ್ನಾಗಿತ್ತು ಎಂದಳು.

ಅತ್ತಿಗೆ ಒಬ್ಬಳೇ ಉಳಿದ ಬೋಲ್ಟ್ ಬಿಗಿದು, ಲಿವರ್ ಕೂಡಿಸಿ, ಹೊಸ ಆಯಿಲ್ ತುಂಬಿದಳು. ಗೆದ್ದಂತೆ ಅವಳು ನಡೆದುಕೊಳ್ಳಲಿಲ್ಲ, ಏಕೆಂದರೆ ಇನ್ನೂ ಗೆದ್ದಿರಲಿಲ್ಲ. ನೀಡಲ್ ಪೂರ್ತಿಯಿದ್ದ ಮಾತ್ರಕ್ಕೆ ಗೇರು ನಿಲ್ಲಬೇಕೆಂದಿಲ್ಲ. ಅವಳು ರೋಗ ಗುರುತಿಸಿದ್ದರಲ್ಲಿಯೇ ತಪ್ಪಿದ್ದರೆ ಅದು ದಿಬ್ಬದ ಮೇಲೆ ಎಗರಿಯೇ ಎಗರುತ್ತದೆ, ಮತ್ತು ಕರಾರಿನ ಮಾತು ಗೇರಿನ ಮೇಲಿತ್ತು, ಮೈದುನನ ನಡತೆಯ ಮೇಲಲ್ಲ. ನರ್ಸಮ್ಮನೂ ಹಾಗೆಯೇ ಹೇಳಿದಳು. ಆದರೆ ಕೆಳಗೆ ನಿಂತು ನೋಡುವುದು ಬೇಡವೆಂದು ತಾನೇ ಸ್ಟಿಯರಿಂಗ್ ಹಿಡಿದಳು. ಅತ್ತಿಗೆಯನ್ನು ಪಕ್ಕಕ್ಕೂ ಸುತ್ತಿಗೆಯನ್ನು ಹಿಂದಿನ ಸೀಟಿಗೂ ಹತ್ತಿಸಿದಳು. ಸತ್ತರೆ ಮೂವರೂ ಸಾಯೋಣ, ಯಾರ ಹೆಸರಿಗೂ ಬರೆಯುವ ತೊಂದರೆ ಇರುವುದಿಲ್ಲ ಎಂದಳು.

ಟ್ಯಾಂಕಿನ ಬುಡದವರೆಗೆ ಹತ್ತಿದರು. ಅಲ್ಲಿ ಕಾರು ತಿರುಗಿಸಿ ನರ್ಸಮ್ಮ ಮೂರನೆಯ ಗೇರಿಗೆ ಹಾಕಿದಳು. ಒಂದೇ ಕೈಗೆ ಬಿತ್ತು. ಇಳಿಜಾರು ಶುರುವಾದ ಕೂಡಲೇ ಅವಳು ಕಾಲು ತೆಗೆದಳು. ಎಂಜಿನ್ ಗುಂಯ್‌ಗುಟ್ಟಿ ಕಾರನ್ನು ಹಿಡಿಯಿತು. ಮೂವರೂ ಲಿವರಿನ ಗುಂಡನ್ನೇ ನೋಡುತ್ತಿದ್ದರು, ಎದುರಿನ ರಸ್ತೆಯನ್ನು ಯಾರೂ ನೋಡುತ್ತಿರಲಿಲ್ಲ ಎಂದು ಹೇಳುವವರು ನಗುತ್ತಾರೆ. ಮೊದಲ ತಿರುವು, ಎರಡನೆಯ ತಿರುವು, ಹಾಲಿನ ಡೈರಿಯ ಗೋಡೆ, ಶಾಲೆಯ ಗೇಟು. ಲಿವರ್ ಮಿಸುಕಲಿಲ್ಲ. ನರ್ಸಮ್ಮ ನಂಬದೆ ಮತ್ತೆ ಹತ್ತಿ ಇಳಿದಳು. ಮತ್ತೂ ಒಮ್ಮೆ ಹತ್ತಿ ಇಳಿದಳು. ಮೂರನೆಯ ಸಲ ಅತ್ತಿಗೆ ಕಿಟಕಿಯ ಹೊರಗೆ ನೋಡತೊಡಗಿದಳು.

ಶೆಡ್ಡಿಗೆ ಬಂದು ನರ್ಸಮ್ಮ ಕೈಚೀಲದಿಂದ ಕರಾರಿನ ಕಾಗದ ತೆಗೆದು, ಹೆಸರಿನ ಜಾಗ ತುಂಬಿ, ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿಸಿದಳು. ಇನ್ನು ಗೆರೆಯ ಆಚೆಗಿನದೂ ನಿನ್ನದೇ, ಅಲ್ಲಿ ಯಾರಿರಬೇಕು ಯಾರಿರಬಾರದು ಎಂಬುದು ನಿನಗೆ ಬಿಟ್ಟದ್ದು, ಆ ವಿಷಯಕ್ಕೂ ನನ್ನ ಮನೆ ಮೆಟ್ಟಿಲು ಹತ್ತಬೇಡಿ ಎಂದು ಹೇಳಿ ಕಾರು ಹತ್ತಿ ಹೋದಳು.

ಇಬ್ಬರೇ ಉಳಿದರು. ಸುತ್ತಿಗೆ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ, ಗುಂಡಿ ಒಂದು ಮೇಲೆ ಒಂದು ಕೆಳಗೆ. ಗೋಡೆಗಲ್ಲ, ನಾಯಿಗಲ್ಲ, ಅವಳಿಗೇ ಕೇಳಿದ.

"ನಾನೆಲ್ಲಿಗೆ ಹೋಗ್ಲಿ?"

"ನಾನು ಸೋತಿದ್ರೆ ನನ್ನನ್ನ ಎಲ್ಲಿಗೆ ಕಳಿಸ್ಬೇಕು ಅಂತ ಇದ್ದೆ?" ಎಂದಳು ಅತ್ತಿಗೆ. "ಅಲ್ಲಿಗೇ ಹೋಗು."

ವಾರವಿಡೀ ಎಲ್ಲವನ್ನೂ ಯೋಚಿಸಿದ್ದ ಅವನು ಅದೊಂದನ್ನು ಯೋಚಿಸಿರಲಿಲ್ಲ. ಹಾಗೆ ಯೋಚಿಸಬೇಕಾದ ವಿಷಯ ಅದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವನು ತನ್ನ ಬೆಂಚಿನ ವೈಸ್, ಅಂದರೆ ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಉಕ್ಕಿನ ಇಕ್ಕಳ, ಬಿಚ್ಚತೊಡಗಿದ. ಅದು ನಾಲ್ಕು ಬೋಲ್ಟುಗಳ ಮೇಲೆ ಕೂತಿತ್ತು. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಮರದೊಂದಿಗೆ ಒಂದಾಗಿತ್ತು. ಸೀಮೆಎಣ್ಣೆ ಎರಡು ತೊಟ್ಟು ಬಿಟ್ಟು ಸ್ವಲ್ಪ ಹೊತ್ತು ಕಾದರೆ ಬರುವಂಥದ್ದು. ಎಣ್ಣೆಯ ಡಬ್ಬ ಅವಳ ಬೆಂಚಿನ ಮೇಲಿತ್ತು. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಅವನು ಗರಗಸ ತೆಗೆದುಕೊಂಡು ಬೋಲ್ಟನ್ನು ಕೊಯ್ಯತೊಡಗಿದ. ಆ ಸದ್ದು ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಓಣಿಯ ತುದಿಗೆ ಕೇಳುತ್ತಿತ್ತು.